ಕಿವಿ ಹರಿದ ಹಸು

ಪಬ್ಲಿಕ್ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದಲು ನೈರೋಬಿಗೆ ಹೋಗಿದ್ದ ಓಡುವೋರ್ ಜನವರಿಯಲ್ಲಿ ಶಾಲೆಗೆ ಮರಳಿದವನೇ ಸ್ಟಾಫ್ ರೂಮಿನ ನಡುವೆ ನಿಂತು ಒಂದು ಕಥೆ ಹೇಳಿದ. ಅವನು ಜೀವಶಾಸ್ತ್ರದವನು. ಊಟದ ಹೊತ್ತಿಗೆ ಮಾತ್ರ ಕೃಷಿ ವಿಷಯ ತಿದ್ದುವವರ ಮೇಜಿಗೆ ಹೋಗಿ ಕೂರುತ್ತಿದ್ದನಂತೆ, ಅಲ್ಲಿ ಹರಟೆ ಜಾಸ್ತಿ ಎಂದು.

"ಕೇಳ್ರಪ್ಪಾ ಇಲ್ಲಿ. ಹಸುವಿನ ಚಿತ್ರ ಬರೆದು ಹೊಟ್ಟೆಯ ನಾಲ್ಕು ಭಾಗ ತೋರ್ಸಿ ಅಂತ ಪ್ರಶ್ನೆ. ಸಾವಿರಾರು ಮಕ್ಕಳು ಬರ್ದಿದಾರೆ. ಒಂದೊಂದು ಹಸೂಗೂ ಎಡಗಿವಿ ಹರಿದಿದೆ! ಪಶ್ಚಿಮದ ಗಡಿ ಬುಸಿಯಾದ ಹಸೂಗೂ ಹರಿದಿದೆ, ಪೂರ್ವದ ಗಾರಿಸ್ಸಾದ ಹಸೂಗೂ ಹರಿದಿದೆ. ತಿದ್ದೋರು ಏನಂತಾರೆ ಗೊತ್ತಾ? ಈ ದೇಶದ ಹಸುಗಳಿಗೆಲ್ಲ ಒಂದೇ ನಾಯಿ ಕಚ್ಚಿದೆ ಅಂತ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನನ್ನ ಪಕ್ಕದ ಮೇಜಿನ ಕಿಸೋಂಬೆ ಮೇಷ್ಟ್ರೂ ನಕ್ಕರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು, ಚಹಾದ ಲೋಟ ಎತ್ತಿಕೊಂಡು ಹೊರಗೆ ಹೋದರು. ನನಗೆ ನಗು ಬರಲಿಲ್ಲ. ಕಚ್ಚಿದ ನಾಯಿ ಯಾರದೆಂದು ನನಗೆ ಗೊತ್ತಿತ್ತು, ಹಸು ಯಾರದೆಂದೂ ಗೊತ್ತಿತ್ತು. ಆ ಹಸುವನ್ನು ಬುಸಿಯಾದಿಂದ ಗಾರಿಸ್ಸಾದ ತನಕ ಮಾರಿದವಳು ನಾನೇ.

ಹಸುವಿನ ಹೆಸರು ಶಿದಾ. ನಮ್ಮ ಮಾತಿನಲ್ಲಿ ತಾಪತ್ರಯ ಎಂದರ್ಥ. ಕರುವಾಗಿದ್ದಾಗ ಪಕ್ಕದ ತೋಟದ ನಾಯಿ ಕಿವಿ ಹರಿದಿತ್ತು, ಬೇಲಿ ಮುರಿಯುವುದು ಹುಟ್ಟುಗುಣ, ಹೀಗಾಗಿ ಆ ಹೆಸರು. ಕಿಸೋಂಬೆ ಮೇಷ್ಟ್ರು ಕೃಷಿ ಪಾಠದ ನೋಟ್ಸಿಗೆ ಹಸುವಿನ ಚಿತ್ರ ಬೇಕಾದಾಗ ಅಂಗಳಕ್ಕೆ ಮೊಣಕಾಲಿನಷ್ಟು ಎತ್ತರದ ಸ್ಟೂಲು ಹಾಕಿಕೊಂಡು, ಮೆಲುಕು ಹಾಕುತ್ತಿದ್ದ ಶಿದಾಳನ್ನೇ ನೋಡಿ ಬರೆದರು. ಕಿವಿ ಹರಿದದ್ದನ್ನು ಹರಿದ ಹಾಗೇ ಬರೆದರು. ಕಂಡದ್ದನ್ನು ಕಂಡಹಾಗೆ ಬರೆಯಬೇಕು ಎಂದು ನಮಗೆ ಪಾಠ ಹೇಳಿದವರು ಅವರು. ನಾನು ಅವರ ವಿದ್ಯಾರ್ಥಿನಿ, ಎರಡನೇ ಬೆಂಚಿನಲ್ಲಿ ಕೂರುತ್ತಿದ್ದವಳು, ಆಮೇಲೆ ಅದೇ ಶಾಲೆಗೆ ಟೀಚರಾಗಿ ಬಂದವಳು.

ತೈತಾ ಗುಡ್ಡದ ನಮ್ಮ ಕಡೆ ಮೇಷ್ಟ್ರುಗಳು ಬೇಕಾದಷ್ಟಿದ್ದಾರೆ. ಆದರೆ ಬಸ್ ನಿಲ್ದಾಣದಲ್ಲಿ ಬರೀ 'ಮೇಷ್ಟ್ರು' ಎಂದು ಕೇಳಿದರೆ ಕಿಸೋಂಬೆಯವರ ಮನೆಗೇ ದಾರಿ ತೋರಿಸುತ್ತಾರೆ. ಮೂವತ್ತಮೂರು ವರ್ಷ ಒಂದೇ ಶಾಲೆ, ಒಂದೇ ವಿಷಯ. ಅಷ್ಟು ವರ್ಷದ ಪಾಠವೆಲ್ಲ ಹನ್ನೊಂದು ನೋಟ್ ಪುಸ್ತಕದಲ್ಲಿತ್ತು. ಸಕ್ಕರೆ ಚೀಲದ ಕಂದು ಕಾಗದದ ರಟ್ಟು, ನೀಲಿ ಶಾಯಿಯ ಅಕ್ಷರ, ತಲೆಬರಹಕ್ಕೆ ಕೆಂಪು. ಮಣ್ಣು ಕೊಚ್ಚಿಹೋಗುವುದನ್ನು ಹೇಳಬೇಕಾದರೆ ಮೇಲಿನ ಕೇರಿಯ ಮುದುಕ ರಿಘಾನ ಮೆಟ್ಟಿಲು ಗದ್ದೆ ಯಾಕೆ ಕುಸಿಯಿತು ಎಂದು ಬರೆದಿರುತ್ತಿದ್ದರು. ಓದಿದವರಿಗೆ ಮರೆಯುವ ಹಾಗೇ ಇರಲಿಲ್ಲ.

ರೋಗದ ವರ್ಷ ಶಾಲೆಗಳಿಗೆಲ್ಲ ಬೀಗ ಬಿತ್ತಲ್ಲ, ಆಗ ಒಂದು ದಿನ ಆ ಹನ್ನೊಂದು ಪುಸ್ತಕಗಳನ್ನು ಹೆಂಡತಿ ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದ ಹಳೇ ಲೇಸೋ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ನನ್ನ ಬಾಡಿಗೆ ಕೋಣೆಗೆ ಬಂದರು.

"ವಾವುಡಾ, ಮಗಳೇ, ನಿನಗೆ ಈ ಟೈಪ್ ಮಾಡೋದು ಗೀಪ್ ಮಾಡೋದು ಬರತ್ತಲ್ಲ. ಇದನ್ನ ಮಕ್ಕಳ ಫೋನಿಗೆ ಹೋಗೋ ಹಾಗೆ ಮಾಡಿಕೊಡು. ಮನೇಲಿ ಕೂತು, ಹಗಲೆಲ್ಲ ಮಲಗಿ ರಾತ್ರಿ ಕಣ್ಣು ಬಿಡೋ ಕಾಡುಪಾಪಗಳಾಗಿದಾರೆ ಹುಡುಗ್ರು."

"ಇಷ್ಟೂ ಟೈಪ್ ಮಾಡಬೇಕಾ ಮೇಷ್ಟ್ರೇ?"

"ಇಷ್ಟೂ ಬರೆಯೋಕೆ ನನಗೆ ಮೂವತ್ತು ವರ್ಷ ಹಿಡೀತು. ನಿನಗೆ ಮೂರು ತಿಂಗಳು ಸಾಕು, ಕೈ ಚುರುಕು."

ನಾಲ್ಕು ತಿಂಗಳು ಹಿಡಿಯಿತು. ಪ್ರತಿ ಪುಟದ ಫೋಟೋ ತೆಗೆದೆ, ನೋಡಿಕೊಂಡು ಟೈಪ್ ಮಾಡಿದೆ, ಚಿತ್ರಗಳನ್ನು ಹಾಗೇ ಅಂಟಿಸಿದೆ. ಹೈಸ್ಕೂಲಿನ ಮೊದಲನೇ ಫಾರ್ಮಿನಿಂದ ನಾಲ್ಕನೇ ಫಾರ್ಮಿನ ತನಕ ತರಗತಿಗೊಂದರಂತೆ ನಾಲ್ಕು ಪುಸ್ತಕವಾಯಿತು. ನಮ್ಮ ಶಾಲೆಯ ಮಕ್ಕಳಿಗೆ ವಾಟ್ಸಾಪಿನಲ್ಲಿ ಬಿಟ್ಟಿಯಾಗಿ ಕಳಿಸಿದೆ. ಮೇಷ್ಟ್ರು ಖುಷಿಯಾಗಿ ಒಂದು ದೊಡ್ಡ ಕುಂಬಳಕಾಯಿ ತಂದುಕೊಟ್ಟರು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ, ನಾನೂ ತಲೆಯೆತ್ತಿ ಆ ದಾರಿಯಲ್ಲಿ ಓಡಾಡುತ್ತಿದ್ದೆ.

ನನ್ನ ಚಿಕ್ಕಪ್ಪನ ಮಗ ನ್ಯಾಂಬು ವೋಯಿ ಪೇಟೆಯಲ್ಲಿ ಇದ್ದಾನೆ. ಮಾಡದ ಕೆಲಸವಿಲ್ಲ, ನಿಂತ ಕೆಲಸವಿಲ್ಲ. ಆಗ ಅವನು ಅಂತರ್ಜಾಲದಲ್ಲಿ ಮಾದರಿ ಪ್ರಶ್ನೆಪತ್ರಿಕೆ ಮಾರುತ್ತಿದ್ದ. ನನ್ನ ಲ್ಯಾಪ್‌ಟಾಪಿನಲ್ಲಿ ಆ ನಾಲ್ಕು ಪುಸ್ತಕ ನೋಡಿದವನೇ ಹಣೆ ಚಚ್ಚಿಕೊಂಡ.

"ಅಕ್ಕಾ, ನೀನೇನು ಮಿಷನರಿಯಾ? ಇದನ್ನ ಪುಕ್ಕಟೆ ಹಂಚಿದ್ಯಾ? ದೇಶದಲ್ಲಿ ಎಷ್ಟು ಜನ ಟೀಚರ್ರು ನೋಟ್ಸ್ ಬರೆಯೋಕೆ ಸೋಮಾರಿಗಳು ಗೊತ್ತಾ? ಫಾರ್ಮಿಗೆ ಐವತ್ತು ಶಿಲ್ಲಿಂಗ್ ಇಡು, ಕಣ್ಣು ಮುಚ್ಚಿ ತಗೋತಾರೆ."

"ಇದು ಮೇಷ್ಟ್ರದ್ದು ಕಣೋ."

"ಮೇಷ್ಟ್ರಿಗೆ ಫೋನಲ್ಲಿ ಟಾರ್ಚ್ ಹಾಕೋಕೆ ಬರಲ್ಲ. ಅವರೇನು ಮಾರ್ತಾರಾ? ಟೈಪ್ ಮಾಡಿದ್ದು ಯಾರು? ನೀನು. ಬೆನ್ನು ನೋವು ಯಾರಿಗೆ ಬಂತು? ನಿನಗೆ. ನಾಲ್ಕು ಕಾಸು ಬಂದಮೇಲೆ ಅವರಿಗೂ ಕೊಡು, ಬೇಡ ಅಂದೋರು ಯಾರು?"

ಬುದ್ಧಿಗೆ ಮಂಕು ಬಡಿದಿತ್ತು ಎಂದು ಈಗ ಹೇಳಿಕೊಳ್ಳಬಹುದು. ಬಡಿದಿರಲಿಲ್ಲ. ನಾನು ಶಾಲಾ ಮಂಡಳಿ ಇಟ್ಟುಕೊಂಡ ಟೀಚರು, ಸರ್ಕಾರದವಳಲ್ಲ. ಸಂಬಳ ಬಂದ ತಿಂಗಳು ಬಂತು, ಇಲ್ಲದಿದ್ದರೆ ಇಲ್ಲ. ಆ ವರ್ಷವಂತೂ ಎಂಟು ತಿಂಗಳು ಬರಲೇ ಇಲ್ಲ. ಹೊಟ್ಟೆ ತಾಳ ಹಾಕುತ್ತಿತ್ತು, ನ್ಯಾಂಬು ಹೇಳಿದ್ದು ನ್ಯಾಯವೆಂದೇ ಕಂಡಿತು. ಕಾಣಬೇಕೆಂದು ನನಗೇ ಆಸೆಯಿತ್ತು.

ನನ್ನ ಹೆಸರು ಹಾಕಲು ಧೈರ್ಯ ಬರಲಿಲ್ಲ. ಮೇಷ್ಟ್ರ ಹೆಸರು ಹಾಕಿದರೆ ಕೇಳಬೇಕಾಗುತ್ತದೆ. ಅದಕ್ಕೇ ಒಬ್ಬ ಟೀಚರಮ್ಮನನ್ನು ಹುಟ್ಟಿಸಿದೆ. ಮ್ಯಾಡಮ್ ಬಹತಿ. ಇಪ್ಪತ್ತು ವರ್ಷದ ಬೋಧನಾನುಭವ. ಮುಖಪುಟಕ್ಕೆ ಹಸಿರು ಬಣ್ಣ, ಜೋಳದ ತೆನೆ. ಮುದುಕ ರಿಘಾನ ಹೆಸರು ತೆಗೆದು 'ಒಬ್ಬ ರೈತ' ಎಂದು ಹಾಕಿದೆ. ಶಿದಾಳ ಕಿವಿಯನ್ನು ಹೊಲಿಯೋಣವೆಂದು ಕಂಪ್ಯೂಟರಿನಲ್ಲಿ ಅರ್ಧ ದಿನ ಒದ್ದಾಡಿದೆ. ಹೊಲಿದ ಕಿವಿ ಎಮ್ಮೆ ಕಿವಿಯ ಹಾಗೆ ಕಂಡಿತು, ಹಾಳಾಗಿ ಹೋಗಲೆಂದು ಇದ್ದ ಹಾಗೇ ಬಿಟ್ಟೆ.

ನ್ಯಾಂಬು ಅಂಗಡಿ ಕಟ್ಟಿಕೊಟ್ಟ. ಅಂಗಡಿ ಎಂದರೆ ಫೋನಿನೊಳಗಿನದು. ಕೊಳ್ಳುವವರು ಫೋನಿನಿಂದ ಹಣ ಕಳಿಸಿದರೆ ಸಾಕು, ಪುಸ್ತಕ ತಾನಾಗಿಯೇ ಅವರಿಗೆ ಹೋಗುತ್ತದೆ. ಪ್ರತಿ ಪುಟದ ಕೆಳಗೆ ಕೊಂಡವರ ಹೆಸರು, ಕೊಂಡ ತಾರೀಖು, ಅದರ ಮುಂದೆ ಒಂದು ಸಾಲು ತಾನಾಗಿಯೇ ಅಚ್ಚಾಗುತ್ತದೆ: 'ಈ ಪ್ರತಿ ಇವರಿಗೆ ಮಾತ್ರ. ನಕಲು ಮಾಡುವುದು ಕಳ್ಳತನ.' ಆ ಸಾಲು ಬರೆದದ್ದೂ ನಾನೇ.

ನ್ಯಾಂಬು ಅದನ್ನು ನೂರಾರು ಟೀಚರ್ ಗುಂಪುಗಳಿಗೆ ಹಾಕಿದ. ಮೊದಲ ವಾರ ಮೂವತ್ತು ಜನ, ಆಮೇಲೆ ಲೆಕ್ಕ ಇಡುವುದನ್ನೇ ಬಿಟ್ಟೆ. ಫೋನು ಟಿಣ್ ಟಿಣ್ ಎನ್ನುತ್ತಲೇ ಇತ್ತು. ಅಡುಗೆ ಮಾಡುವಾಗ ಟಿಣ್, ಚರ್ಚಿನಲ್ಲಿ ಟಿಣ್. ಯಾರು ಕೊಂಡರು ಎಂದು ಒಂದು ದಿನವೂ ತೆರೆದು ನೋಡಲಿಲ್ಲ. ಮ್ಯಾಡಮ್ ಬಹತಿಗೆ ಹೊಗಳಿಕೆ ಬರುತ್ತಿತ್ತು. 'ಮೇಡಂ, ನೀವು ಬರೆದದ್ದು ಓದಿದರೆ ಹೊಲದಲ್ಲಿ ನಿಂತ ಹಾಗಾಗುತ್ತೆ' ಎಂದು ಕಿಟುಯಿ ಊರಿನ ಒಬ್ಬ ಟೀಚರು ಬರೆದಿದ್ದರು. ನಾಚಿಕೆಗೆಟ್ಟವಳು ನಾನು, ಓದಿ ಹಿಗ್ಗಿದೆ. ಬಾಡಿಗೆ ಕೋಣೆ ಬಿಟ್ಟು ಸಣ್ಣ ಮನೆ ಕಟ್ಟಿಸಿದೆ, ಮಳೆನೀರಿಗೆ ಒಂದು ದೊಡ್ಡ ಟ್ಯಾಂಕು ತಂದೆ.

ಮೇಷ್ಟ್ರಿಗೆ ಹೇಳಬೇಕು ಎಂದುಕೊಂಡೇ ಇದ್ದೆ. ಮೊದಲ ತಿಂಗಳು ಕಳೆಯಲಿ ಎಂದೆ. ಮನೆಗೆ ಸೂರು ಬೀಳಲಿ ಎಂದೆ. ಅಷ್ಟು ದಿನ ಹೇಳದೆ ಈಗ ಹೇಗೆ ಹೇಳುವುದು ಎಂದು ಆಮೇಲೆ ಹೊಸ ಕಷ್ಟ ಶುರುವಾಯಿತು. ಅವರ ಹೆಂಡತಿಗೆ ಒಂದು ಶಾಲು ಕೊಟ್ಟೆ, ಹಬ್ಬಕ್ಕೆ ಸಕ್ಕರೆ, ಚಹಾಪುಡಿ ಕೊಟ್ಟೆ. ಮೇಷ್ಟ್ರು ಪ್ರತಿ ಸಲವೂ, "ಯಾಕಮ್ಮಾ ಇದೆಲ್ಲ ನನಗೆ?" ಎಂದು ಕೇಳಿ ನನ್ನ ಮುಖ ನೋಡುತ್ತಿದ್ದರು. ನಾನು, "ಇರಲಿ ಮೇಷ್ಟ್ರೇ" ಎನ್ನುತ್ತಿದ್ದೆ.

ಸಂಜೆ ಇಬ್ಬರೂ ಒಟ್ಟಿಗೆ ಗುಡ್ಡ ಇಳಿಯುತ್ತಿದ್ದೆವು. ಮಕಾಡಾಮಿಯಾ ಮರದ ಹತ್ತಿರ ದಾರಿ ಕವಲೊಡೆಯುತ್ತದೆ, ಅವರದು ಎಡಕ್ಕೆ, ನನ್ನದು ಬಲಕ್ಕೆ. ಮೇಷ್ಟ್ರು ಅಲ್ಲಿ ಕೋಲೂರಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದರು. ಎರಡು ವರ್ಷ ಹಾಗೇ ನಿಂತರು. ಮೊಣಕಾಲು ನೋವಿರಬೇಕು ಎಂದುಕೊಂಡಿದ್ದೆ.

ಓಡುವೋರ್ ಆ ಕಥೆ ಹೇಳಿದ ವರ್ಷವೇ ಜೂನ್‌ನಲ್ಲಿ ಶಾಲೆಗೆ ಪರಿವೀಕ್ಷಣೆ ಬಂತು. ಬಂದ ಅಧಿಕಾರಿ ನೀಲಿ ಕೋಟಿನ, ಸಿಡುಕು ಮುಖದ ಹೆಂಗಸು. ಅಂತರ್ಜಾಲದಿಂದ ಇಳಿಸಿದ ನೋಟ್ಸ್ ಇಟ್ಟುಕೊಂಡು ಪಾಠ ಮಾಡುವವರನ್ನು ಹಿಡಿಯಬೇಕೆಂದು ಮೇಲಿಂದ ಆಜ್ಞೆ ಬಂದಿತ್ತಂತೆ. ಒಬ್ಬೊಬ್ಬರ ಫೈಲು ತೆಗೆದು ನೋಡುತ್ತಾ ಮೇಷ್ಟ್ರ ಮೇಜಿಗೆ ಬಂದರು. ಹಳೇ ಪುಸ್ತಕಗಳು ನನ್ನ ಹತ್ತಿರವೇ ಉಳಿದಿದ್ದರಿಂದ ಮೇಷ್ಟ್ರು ನೋಟ್ಸನ್ನೆಲ್ಲ ನೆನಪಿನಿಂದ ಹೊಸ ಫೈಲಿನಲ್ಲಿ ಮತ್ತೆ ಬರೆದಿದ್ದರು. ಶಾಯಿ ಹೊಸದು, ತಾರೀಖು ಹೊಸದು. ಅಧಿಕಾರಿ ನಾಲ್ಕು ಪುಟ ಮಗುಚಿದರು, ತಮ್ಮ ಫೋನು ತೆಗೆದರು, ಎರಡನ್ನೂ ಪಕ್ಕಪಕ್ಕ ಇಟ್ಟರು.

"ಮೇಷ್ಟ್ರೇ, ಇದು ನೀವು ಬರೆದದ್ದಾ?"

"ನಾನೇ ಬರೆದದ್ದು."

"ಮ್ಯಾಡಮ್ ಬಹತಿ ಅನ್ನೋರ ನೋಟ್ಸಲ್ಲಿ ಸಾಲು ಸಾಲೂ ಹೀಗೇ ಇದೆಯಲ್ಲ? ಹಸೂನ ಕಿವಿ ಹರಿದಿರೋದೂ ಹಾಗೇ ಇದೆ. ಚಿತ್ರ ಕದಿಯೋವಾಗ ಕಿವಿನಾದ್ರೂ ಸರಿ ಮಾಡಬಾರದಿತ್ತಾ?"

ಅಧಿಕಾರಿ ಇನ್ನೊಂದು ಪುಟ ತೋರಿಸಿದರು.

"ಇಲ್ಲಿ ನೋಡಿ. ಕೋಳಿಮರಿಗೆ ಮೊದಲ ವಾರ ಐವತ್ಮೂರು ಡಿಗ್ರಿ ಶಾಖ ಅಂತ ಆಯಮ್ಮ ಬರೆದಿದಾರೆ. ನೀವು ಮೂವತ್ತೈದು ಮಾಡಿದೀರಿ. ಕದ್ದದ್ರಲ್ಲಿ ಒಂದು ತಪ್ಪಾದ್ರೂ ತಿದ್ದಿದೀರಲ್ಲ, ಅಷ್ಟು ಪುಣ್ಯ."

ಆ ಐವತ್ಮೂರು ನನ್ನ ಕೈಯ ತಪ್ಪು. ಟೈಪ್ ಮಾಡುವಾಗ ಅಂಕಿ ತಿರುವುಮುರುವಾಗಿತ್ತು.

ಹೊಸದಾಗಿ ಬಂದಿದ್ದ ಹೆಡ್‌ಮಾಸ್ಟರ್ ಕೈ ಹೊಸೆಯುತ್ತಾ, "ಮೇಷ್ಟ್ರು ಬಹಳ ಹಳಬರು ಮೇಡಂ, ಹಾಗೆಲ್ಲ ಮಾಡೋರಲ್ಲ" ಎಂದರು.

"ಹಳಬರಾದ್ರೆ ಹಳೇ ನೋಟ್ಸ್ ಇರಬೇಕಲ್ಲ? ತೋರಿಸಲಿ. ಎರಡು ವರ್ಷಕ್ಕಿಂತ ಹಿಂದಿನ ಒಂದು ಕಾಗದ ತೋರಿಸಲಿ, ನಾನೇ ಕೈಮುಗಿದು ಕ್ಷಮೆ ಕೇಳ್ತೀನಿ. ಇಲ್ಲಾಂದ್ರೆ ಯಾಕೆ ಕ್ರಮ ತಗೋಬಾರ್ದು ಅಂತ ನೋಟಿಸ್ ಬರತ್ತೆ, ಉತ್ತರ ಬರೀಲಿ."

ಎಲ್ಲರೂ ಮೇಷ್ಟ್ರನ್ನು ನೋಡುತ್ತಿದ್ದರು. ಮೇಷ್ಟ್ರು ಯಾರನ್ನೂ ನೋಡಲಿಲ್ಲ, ನನ್ನನ್ನಂತೂ ನೋಡಲೇ ಇಲ್ಲ. ಎದ್ದು ನಿಂತು ಒಂದೇ ಮಾತು ಹೇಳಬೇಕಿತ್ತು ನಾನು. ಮುಂದಿನ ತಿಂಗಳು ಸರ್ಕಾರಿ ಹುದ್ದೆಗೆ ನನ್ನ ಸಂದರ್ಶನ ಇತ್ತು, ಹನ್ನೊಂದು ವರ್ಷ ಕಾದದ್ದು. ಅದು ನೆನಪಾಯಿತು. ನಾನು ಹಾಜರಿ ಪುಸ್ತಕ ತೆರೆದು ಅದರಲ್ಲಿ ಏನೋ ಹುಡುಕುವವಳ ಹಾಗೆ ತಲೆ ತಗ್ಗಿಸಿದೆ.

ಅವತ್ತು ಸಂಜೆ ಮನೆಗೆ ಓಡಿ ಮಂಚದ ಕೆಳಗಿನ ರಟ್ಟಿನ ಪೆಟ್ಟಿಗೆ ಎಳೆದೆ. ಲೇಸೋ ಗಂಟು ಇತ್ತು. ಬಿಚ್ಚಿದರೆ ಒಳಗೆ ಕೆಂಪು ಮಣ್ಣು. ಗೆದ್ದಲು ಹನ್ನೊಂದು ಪುಸ್ತಕವನ್ನೂ ತಿಂದು ಹಾಕಿತ್ತು. ಫೋಟೋ ತೆಗೆದ ದಿನದಿಂದ ಆ ಗಂಟನ್ನು ನಾನು ಬಿಚ್ಚಿರಲಿಲ್ಲ. ಸಿಮೆಂಟು ಹಾಕುವ ಮೊದಲೇ ಪೆಟ್ಟಿಗೆಯನ್ನು ಹಸಿ ನೆಲದ ಮೇಲಿಟ್ಟವಳು ನಾನು. ಅಲ್ಲೇ ಕೂತು ಅತ್ತೆ. ಯಾರಿಗಾಗಿ ಅತ್ತೆನೋ, ನನಗಾಗಿಯೇ ಇರಬೇಕು.

ಆದರೂ ಒಂದು ವಿಷಯ ಮುಚ್ಚಿಡುವುದಿಲ್ಲ. ಪುಸ್ತಕ ಹೋದರೂ ಪುಟಪುಟದ ಫೋಟೋ ನನ್ನ ಲ್ಯಾಪ್‌ಟಾಪಿನಲ್ಲಿತ್ತು. ಮೇಷ್ಟ್ರ ಕೈಬರಹ, ಅಂಚಿನಲ್ಲಿ ಅವರು ಹಾಕಿದ ಹಳೇ ತಾರೀಖುಗಳು, ಎಲ್ಲ ಸ್ಪಷ್ಟವಾಗಿತ್ತು. ಅವರ ಮಾನ ಉಳಿಸುವ ಕಾಗದ ನನ್ನ ಹತ್ತಿರವೇ ಇತ್ತು. ಕೊಟ್ಟರೆ ಆ ಫೋಟೋ ನಿನಗೆಲ್ಲಿಂದ ಬಂತು, ಬಹತಿ ಯಾರು ಎಂದು ಕೇಳುತ್ತಾರೆ. ಕೊಡಲಿಲ್ಲ.

ಶನಿವಾರ ಬೆಳಿಗ್ಗೆ ಮೇಷ್ಟ್ರು ಬಂದರು. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಅಂಗಳದಲ್ಲಿ ನಿಂತು ಟ್ಯಾಂಕನ್ನು ಮೇಲೆ ಕೆಳಗೆ ನೋಡಿದರು.

"ಚೆನ್ನಾಗಿದೆ. ಎಷ್ಟು ಲೀಟರು?"

"ಐದು ಸಾವಿರ ಮೇಷ್ಟ್ರೇ."

"ಮೂರು ತಿಂಗಳು ಬರತ್ತೆ. ಸೋರೋ ಕಡೆ ಪಾಚಿ ಕಟ್ಟದ ಹಾಗೆ ನೋಡ್ಕೋ."

ಚಹಾ ಕೊಟ್ಟೆ. ಅರ್ಧ ಕುಡಿದು ಲೋಟ ಕೆಳಗಿಟ್ಟರು.

"ಆ ಹನ್ನೊಂದು ಪುಸ್ತಕ ನಿನ್ನ ಹತ್ರ ಇತ್ತಲ್ಲ ಮಗಳೇ."

"ಇದೆ ಮೇಷ್ಟ್ರೇ. ಮನೆ ಬದಲಾಯಿಸೋವಾಗ ಎಲ್ಲೋ... ಹುಡುಕ್ತೀನಿ."

"ಹುಡುಕು. ಉತ್ತರ ಕೊಡೋಕೆ ಗುರುವಾರದ ತನಕ ಟೈಮಿದೆ."

"ಹೂಂ."

ಬೇಲಿಯ ಹತ್ತಿರ ಹೋದವರು ಕೋಲೂರಿ ನಿಂತರು. ಕವಲು ದಾರಿಯಲ್ಲಿ ನಿಲ್ಲುತ್ತಿದ್ದ ಹಾಗೆಯೇ.

"ಇನ್ನೇನಾದ್ರೂ ಹೇಳೋದಿದೆಯಾ?"

"ಇಲ್ಲ ಮೇಷ್ಟ್ರೇ."

"ಸರಿ ಹಾಗಾದ್ರೆ" ಎಂದು ಹೋದರು.

ಗುರುವಾರ ಅವರು ಉತ್ತರ ಬರೆದುಕೊಟ್ಟರು. ಹೆಡ್‌ಮಾಸ್ಟರ್ ಅದನ್ನು ಓದಿ ದಂಗಾಗಿ ನನಗೂ ಓಡುವೋರನಿಗೂ ತೋರಿಸಿದರು. ಎರಡೇ ಸಾಲು: 'ಈ ನೋಟ್ಸ್ ನನ್ನವೆಂದು ತೋರಿಸಲು ನನ್ನಲ್ಲಿ ಯಾವ ಆಧಾರವೂ ಇಲ್ಲ. ತಾವು ತೀರ್ಮಾನಿಸಿದಂತೆ ಆಗಲಿ.' ತೀರ್ಮಾನ ಬಂತು. ನಕಲು ಮಾಡಿದ್ದಕ್ಕೆ ಎಚ್ಚರಿಕೆ, ಸೇವಾ ಪುಸ್ತಕದಲ್ಲಿ ದಾಖಲು. ನಿವೃತ್ತಿಗೆ ಇನ್ನೊಂದು ಟರ್ಮ್ ಬಾಕಿಯಿತ್ತು, ಅವರು ರಜೆ ಹಾಕಿ ಮೊದಲೇ ಹೊರಟರು. ಹಿಂದಿನ ವರ್ಷ ನಿವೃತ್ತರಾದ ಗಣಿತದ ಮೇಡಂಗೆ ಶಾಮಿಯಾನ ಹಾಕಿ, ಕೇಕು ಕತ್ತರಿಸಿ, ಸೋಫಾ ಕೊಟ್ಟು, ಹಾಡಿ ಕುಣಿದು ಕಳಿಸಿದ್ದೆವು. ಮೇಷ್ಟ್ರಿಗೆ ಏನು ಮಾಡುವುದೆಂದು ಯಾರಿಗೂ ತಿಳಿಯಲಿಲ್ಲ, ಹೀಗಾಗಿ ಯಾರೂ ಏನೂ ಮಾಡಲಿಲ್ಲ. ತಮ್ಮ ಕಸಿ ಮಾಡುವ ಚಾಕು, ಹಳೇ ಬೂಟು ಚೀಲಕ್ಕೆ ಹಾಕಿಕೊಂಡು ಒಂದು ಮಂಗಳವಾರ ಹೊರಟುಹೋದರು.

ಸರ್ಕಾರಿ ಹುದ್ದೆ ನನಗೆ ಸಿಕ್ಕಿತು. ಮೇಷ್ಟ್ರ ಕೃಷಿ ಪಾಠವೂ ನನಗೇ ಬಂತು, ಅವರ ಕಪಾಟಿನ ಬೀಗದ ಕೈಯೂ ಬಂತು. ಕಪಾಟಿನಲ್ಲಿ ಬಾಟಲಿಗಳಲ್ಲಿ ಬೀಜಗಳಿದ್ದವು, ಮಳೆ ಅಳೆಯುವ ಡಬ್ಬಿಯಿತ್ತು. ಕೆಳಗಿನ ಅರೆಯಲ್ಲಿ ಅಚ್ಚು ಹಾಕಿಸಿ ದಾರ ಹೊಲಿದ ಒಂದು ದಪ್ಪ ಕಟ್ಟು ಇತ್ತು. ಮುಖಪುಟ ಹಸಿರು, ಜೋಳದ ತೆನೆ.

'ಮ್ಯಾಡಮ್ ಬಹತಿ, ಇಪ್ಪತ್ತು ವರ್ಷದ ಬೋಧನಾನುಭವ' ಎಂಬಲ್ಲಿ ಇಪ್ಪತ್ತರ ಕೆಳಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ 'ಎಲ್ಲಿ?' ಎಂದು ಬರೆದಿತ್ತು. ಆ ಕೆಂಪು ಶಾಯಿ ನನಗೆ ಹದಿನಾಲ್ಕನೇ ವಯಸ್ಸಿನಿಂದ ಗೊತ್ತು. ಪುಟ ತಿರುಗಿಸಿದೆ. ಪ್ರತಿ ಪುಟದ ಕೆಳಗೂ ಅಚ್ಚಾಗಿತ್ತು: 'ಡಾಸನ್ ಕಿಸೋಂಬೆ. ಈ ಪ್ರತಿ ಇವರಿಗೆ ಮಾತ್ರ. ನಕಲು ಮಾಡುವುದು ಕಳ್ಳತನ.' ತಾರೀಖು ನೋಡಿದೆ. ನ್ಯಾಂಬು ಅಂಗಡಿ ತೆರೆದ ಮೂರನೇ ದಿನ.

ಮೂರನೇ ದಿನ! ಫೋನಿನಲ್ಲಿ ಟಾರ್ಚ್ ಹಾಕಲು ಬಾರದ ಮನುಷ್ಯ ಯಾರಿಂದಲೋ ಸುದ್ದಿ ಕೇಳಿ ವುಂಡಾನ್ಯಿ ಪೇಟೆಗೆ ಇಳಿದು, ತಮ್ಮ ಫೋನು ಯಾರ ಕೈಗೋ ಕೊಟ್ಟು ತರಿಸಿಕೊಂಡಿರಬೇಕು. ನಾನು ಶಾಲು ಕೊಡುವಾಗ ಅವರಿಗೆ ಗೊತ್ತಿತ್ತು. ಸಕ್ಕರೆ ಕೊಡುವಾಗ ಗೊತ್ತಿತ್ತು. ಓಡುವೋರ್ ಕಥೆ ಹೇಳಿದಾಗ ನಕ್ಕರಲ್ಲ, ಆಗಲೂ ಗೊತ್ತಿತ್ತು.

ಒಳಗೆಲ್ಲ ಕೆಂಪು ಗೆರೆ. ನನ್ನ ಟೈಪಿಂಗಿನ ತಪ್ಪುಗಳನ್ನು ಒಂದೊಂದಾಗಿ ತಿದ್ದಿದ್ದರು. ಐವತ್ಮೂರಕ್ಕೆ ಸುತ್ತು ಹಾಕಿ ಮೂವತ್ತೈದು ಮಾಡಿದ್ದರು. 'ಒಬ್ಬ ರೈತ' ಎಂಬುದನ್ನು ಹೊಡೆದುಹಾಕಿ 'ರಿಘಾ' ಎಂದು ಬರೆದಿದ್ದರು. ಕೊನೆಯ ಪುಟದಲ್ಲಿ, ಉತ್ತರ ಪತ್ರಿಕೆಗೆ ಬರೆಯುವ ಹಾಗೆ, ಮೂರು ಸಾಲು: 'ಕೆಲಸ ಅಚ್ಚುಕಟ್ಟು. ಹದಿನೇಳು ತಪ್ಪು. ನನ್ನನ್ನು ಬಂದು ಕಾಣು.' ಅದರ ಕೆಳಗೆ ಸಹಿ, ತಾರೀಖು. ಎರಡು ವರ್ಷದ ಹಿಂದಿನ ತಾರೀಖು.

ಕಟ್ಟನ್ನು ಎದೆಗವಚಿಕೊಂಡು ಎಡದಾರಿ ಹಿಡಿದೆ. ಮೇಷ್ಟ್ರು ಅಂಗಳದಲ್ಲಿ ಹುಲ್ಲು ಕತ್ತರಿಸುತ್ತಿದ್ದರು. ಶಿದಾ ಸತ್ತು ವರ್ಷವಾಗಿತ್ತು, ಅವಳ ಮಗಳು ನಿಂತಿದ್ದಳು, ಎರಡೂ ಕಿವಿ ನೆಟ್ಟಗಿದ್ದವು. ನನ್ನ ಕೈಯಲ್ಲಿದ್ದುದನ್ನು ನೋಡಿ ಮೇಷ್ಟ್ರು ಕತ್ತಿ ಕೆಳಗಿಟ್ಟರು.

"ಬಂದೆಯಾ?"

"ಬಂದು ಕಾಣು ಅಂತ ಬರೆದಿದ್ರಿ ಮೇಷ್ಟ್ರೇ."

"ಬರೆದಿದ್ದೆ. ಬಹಳ ದಿನ ಆಯ್ತು. ಕೂತ್ಕೋ."

ಕೂರಲಿಲ್ಲ. ಕಾಲು ಹಿಡಿದುಕೊಂಡೆ. "ತಪ್ಪಾಯ್ತು ಮೇಷ್ಟ್ರೇ. ನಾಳೆನೇ ಆಫೀಸಿಗೆ ಹೋಗ್ತೀನಿ, ಎಲ್ಲಾ ಬರೆದುಕೊಡ್ತೀನಿ. ಫೋಟೋ ಇದೆ ನನ್ನ ಹತ್ರ. ಯಾಕೆ ನೀವು ಒಂದು ಮಾತು ಹೇಳಲಿಲ್ಲ? ಅವತ್ತೇ ನನ್ನ ಹೆಸರು ಹೇಳಬಾರದಿತ್ತಾ?"

"ನೀನು ಹೇಳ್ತೀಯ ಅಂತ ಕಾದೆ. ದಾರೀಲಿ ಕಾದೆ, ನಿನ್ನ ಮನೆ ಬಾಗಿಲಿಗೂ ಬಂದು ಕಾದೆ. ನಾನು ಕಲಿಸಿದ ಹುಡುಗಿನ ನಾನೇ ಹಿಡಿದುಕೊಡೋದಾ? ಏಳು, ಏಳು. ಲೇಸೋಗೆಲ್ಲ ಸಗಣಿ ಆಗತ್ತೆ ಅಂತ ನಿಮ್ಮ ಕಾಲದಲ್ಲಿ ಹೇಳೋಕಾಗಲ್ಲ, ಪ್ಯಾಂಟಿಗೆ ಆಗತ್ತೆ."

ನಾನು ನಗಲಿ ಎಂದು ಹೇಳಿದ್ದರು. ಆಗಲಿಲ್ಲ ನನಗೆ. ಅವರು ಕಟ್ಟನ್ನು ತೆಗೆದುಕೊಂಡು ಪುಟ ತಿರುವಿ ಕೋಳಿಮರಿಯ ಪಾಠದಲ್ಲಿ ಬೆರಳಿಟ್ಟರು.

"ಇದನ್ನ ತಿದ್ದಿದೀಯಾ?"

"ಇಲ್ಲ..."

ಅಷ್ಟು ಹೊತ್ತು ಬಾರದಿದ್ದ ಸಿಟ್ಟು ಆಗ ಬಂತು ಅವರಿಗೆ. "ಇನ್ನೂ ಐವತ್ಮೂರು ಅಂತ ಮಾರ್ತಿದೀಯಾ? ಐವತ್ಮೂರಲ್ಲಿ ಮರಿ ಬೇಯತ್ತೆ ಕಣೇ! ಯಾವನೋ ಬಡವ ಸಾಲ ಮಾಡಿ ನೂರು ಮರಿ ತಂದು, ಮಗ ಪುಸ್ತಕ ಓದಿ ಹೇಳಿದ ಅಂತ ಹಾಗೇ ಬೆಂಕಿ ಹಾಕಿದ್ರೆ? ನನ್ನ ಹೆಸರು ಹೋಯ್ತು, ಹೋಗಲಿ. ಮರಿಗಳು ನಿನಗೇನು ಮಾಡಿದ್ವು?"

ಕಟ್ಟನ್ನು ಅವರ ಕೈಯಿಂದ ತೆಗೆದುಕೊಂಡು ಮನೆಗೆ ಓಡಿದೆ.

ಅವತ್ತೇ ಕೂತು ಹದಿನೇಳು ತಪ್ಪನ್ನೂ ತಿದ್ದಿದೆ. ಮಾರಿ ಹೋದದ್ದನ್ನು ವಾಪಸ್ ಕರೆಸಲು ಆಗುತ್ತದೆಯೇ ಎಂದು ನ್ಯಾಂಬುವನ್ನು ಕೇಳಿದೆ. "ಹಾರಿಹೋದ ಕಾಗೆನ ಕರೆದಂಗೆ ಅಕ್ಕಾ" ಎಂದ. ಫೋಟೋಗಳನ್ನೆಲ್ಲ ಅಚ್ಚು ಹಾಕಿಸಿ, ನಡೆದದ್ದನ್ನು ಬರೆದು, ಸಹಿ ಮಾಡಿ ಆಫೀಸಿಗೆ ಕೊಟ್ಟು ಬಂದೆ. ಕೆಲಸ ಹೋದರೆ ಹೋಗಲಿ ಎಂದುಕೊಂಡೆ. ಗುಮಾಸ್ತ ಮುದ್ರೆ ಒತ್ತಿ ತೆಗೆದುಕೊಂಡ. ಐದು ತಿಂಗಳಾಯಿತು, ಕೆಲಸವೂ ಹೋಗಿಲ್ಲ, ಉತ್ತರವೂ ಬಂದಿಲ್ಲ. ಎರಡು ಸಲ ಹೋಗಿ ಕೇಳಿದೆ. ಮುಗಿದ ಫೈಲು, ಹುಡುಕಬೇಕು ಎಂದರು.

ಅಂಗಡಿಯಲ್ಲಿ ಮ್ಯಾಡಮ್ ಬಹತಿಯನ್ನು ತೆಗೆದುಹಾಕಿದೆ. ಹೊಸ ಮುಖಪುಟ ಮಾಡಿದೆ. 'ಬರೆದವರು: ಡಾಸನ್ ಕಿಸೋಂಬೆ, ಮೂವತ್ತಮೂರು ವರ್ಷ ಕೃಷಿ ಮೇಷ್ಟ್ರು' ಎಂದು ದೊಡ್ಡದಾಗಿ ಹಾಕಿದೆ. ಬೆಲೆ ತೆಗೆದೆ, ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಲಿ ಎಂದು ಬಿಟ್ಟೆ. ಅದೇ ನೂರಾರು ಟೀಚರ್ ಗುಂಪುಗಳಿಗೂ ನಾನೇ ಕೂತು ಕಳಿಸಿದೆ. ಆ ದಿನ ಮನಸ್ಸು ಸ್ವಲ್ಪ ಹಗುರವಾಗಿತ್ತು.

ಮಾರನೆಯ ದಿನ ಒಂದು ಗುಂಪಿನಲ್ಲಿ ಕಿಟುಯಿಯ ಅದೇ ಟೀಚರು, ಬಹತಿಯನ್ನು ಹೊಗಳಿದ್ದವರು, ಎರಡು ಹಸುಗಳ ಚಿತ್ರ ಪಕ್ಕಪಕ್ಕ ಹಾಕಿದ್ದರು. ಕೆಳಗೆ ಬರೆದಿದ್ದರು: 'ಗೆಳೆಯರೇ ಹುಷಾರು. ಈ ಕಿಸೋಂಬೆ ಅನ್ನೋ ಮನುಷ್ಯ ನಮ್ಮ ಬಹತಿ ಮೇಡಂ ನೋಟ್ಸ್ ಕದ್ದು ತನ್ನ ಹೆಸರು ಹಾಕ್ಕೊಂಡಿದ್ದಾನೆ. ಹರಿದ ಕಿವಿ ನೋಡಿ, ಅಲ್ಲೇ ಸಿಕ್ಕಿಬಿದ್ದ. ವಯಸ್ಸಾದ ಮೇಲೂ ನಾಚಿಕೆ ಇಲ್ಲ.' ಸಂಜೆಯೊಳಗೆ ನೂರಾರು ಜನ ಅದನ್ನು ಬೇರೆ ಬೇರೆ ಗುಂಪಿಗೆ ಹಂಚಿದ್ದರು.

ಕೂಡಲೇ ಉತ್ತರ ಬರೆದೆ. 'ದಯವಿಟ್ಟು ಹಾಗೆ ಹೇಳಬೇಡಿ. ಅವರ ನೋಟ್ಸ್ ಕದ್ದದ್ದು ನಾನು. ಬಹತಿ ಎನ್ನುವವಳೇ ಇಲ್ಲ. ನಾನೇ ಬಹತಿ.' ಕೈಬರಹದ ಫೋಟೋಗಳನ್ನೂ ಹಾಕಿದೆ.

ತಕ್ಷಣ ಉತ್ತರ ಬಂತು, ಜೊತೆಗೆ ನಗುವ ಮುಖಗಳು ಸಾಲಾಗಿ. 'ನೀನ್ಯಾರಮ್ಮಾ? ಆ ಮುದುಕನ ಮಗಳಾ? ಹಳೇ ಪುಸ್ತಕದಲ್ಲಿ ಯಾರು ಬೇಕಾದರೂ ಬರೀಬಹುದು. ನಮ್ಮ ಬಹತಿ ಮೇಡಂಗೆ ಇಪ್ಪತ್ತು ವರ್ಷ ಅನುಭವ ಇದೆ, ತಿಳ್ಕೋ.'

ಆಮೇಲೆ ನನ್ನನ್ನು ಗುಂಪಿನಿಂದ ತೆಗೆದುಹಾಕಿದರು.